ಸ್ಟೆಲಾರಿಸ್: ಮೊದಲ ಸಲ ಆಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೆಲಾರಿಸ್ ಆಟವನ್ನು ಹೊಸದಾಗಿ ತೆರೆದವರು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ತಲೆ ತಿನ್ನುವವು. ಇಲ್ಲಿ ಹೇಳಿರುವುದೆಲ್ಲ ಕಂಪ್ಯೂಟರ್‌ನಲ್ಲಿ ಆಡುವ ಆವೃತ್ತಿಯ ಬಗ್ಗೆ. 2019ರಲ್ಲಿ ಕನ್ಸೋಲ್‌ಗಳಿಗೂ ಆಟ ಬಂತು, ಆದರೆ ಹೊಸ ಬದಲಾವಣೆಗಳು ಅಲ್ಲಿಗೆ ತಡವಾಗಿ ತಲುಪುತ್ತವೆ.

## ಶುರು ಮಾಡುವ ಮುಂಚೆ

ಇದು ಯಾವ ಥರದ ಆಟ? ಬರೀ ಯುದ್ಧನಾ?

ಅಲ್ಲ. ಒಂದು ಜೀವಿಕುಲದ ಆಡಳಿತ ನಿಮ್ಮ ಕೈಗೆ ಬರುತ್ತದೆ. ಅವರು ಬೆಳಕಿಗಿಂತ ವೇಗವಾಗಿ ಪ್ರಯಾಣ ಮಾಡುವುದನ್ನು ಈಗ ತಾನೇ ಕಲಿತಿದ್ದಾರೆ. ಆಟದ ಕ್ಯಾಲೆಂಡರ್ 2200ರ ಜನವರಿ 1ರಂದು ತೆರೆಯುತ್ತದೆ. ಒಂದು ಗ್ರಹ, ನಾಲ್ಕಾರು ಹಡಗು, ಸುತ್ತ ಏನೂ ಗೊತ್ತಿಲ್ಲದ ಕತ್ತಲು. ಅಲ್ಲಿಂದ ಮುಂದೆ ಹುಡುಕಾಟ, ವಸಾಹತು, ವಿಜ್ಞಾನ, ನೆರೆಹೊರೆಯವರ ಜೊತೆ ಮಾತುಕತೆ, ಬೇಕಾದರೆ ಯುದ್ಧ.

ಸ್ವೀಡನ್ನಿನ ಪ್ಯಾರಡಾಕ್ಸ್ ಇದನ್ನು 2016ರ ಮೇ 9ರಂದು ಬಿಡುಗಡೆ ಮಾಡಿತು. ಹುಡುಕು, ಹರಡು, ಬಳಸಿಕೋ, ನಾಶಮಾಡು ಎಂಬ ನಾಲ್ಕು ಕೆಲಸಗಳ ಮೇಲೆ ನಿಂತ ಆಟಗಳನ್ನು ಫೋರ್ ಎಕ್ಸ್ ಆಟಗಳು ಅನ್ನುತ್ತಾರೆ. ಸ್ಟೆಲಾರಿಸ್ ಕೂಡ ಆ ಗುಂಪಿನದೇ. ಮೊದಲನೆಯ ಕೆಲಸದಲ್ಲಿ ಇದು ಎತ್ತಿದ ಕೈ. ನಾಲ್ಕನೆಯದರಲ್ಲಿ ಅಷ್ಟಕ್ಕಷ್ಟೆ. ಇದನ್ನು ತಿಳಿದುಕೊಂಡೇ ಆಟಕ್ಕೆ ಕೂತರೆ ನಿರಾಸೆ ಕಡಿಮೆ.

ಸ್ಟಾರ್‌ಕ್ರಾಫ್ಟ್ ಗೊತ್ತು, ಸಿವಿಲೈಜೇಶನ್ ಗೊತ್ತು. ಇದು ಯಾವುದಕ್ಕೆ ಹತ್ತಿರ?

ಗುರಿಯಲ್ಲಿ ಸಿವಿಲೈಜೇಶನ್‌ಗೆ ಹತ್ತಿರ, ಆದರೆ ಇಲ್ಲಿ ಸರದಿಗಳಿಲ್ಲ. ಗಡಿಯಾರ ತಾನಾಗಿಯೇ ಓಡುತ್ತಾ ಇರುತ್ತದೆ. ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತದೆ. ನಿಂತಿರುವಾಗಲೂ ಎಲ್ಲ ಆದೇಶ ಕೊಡಬಹುದು. ಹಾಗಾಗಿ ಸ್ಟಾರ್‌ಕ್ರಾಫ್ಟ್‌ಗೆ ಬೇಕಾದ ಬೆರಳಿನ ಚುರುಕು ಇಲ್ಲಿ ಬೇಕಿಲ್ಲ. ಧಾರಾಳವಾಗಿ ನಿಲ್ಲಿಸಿ, ಯೋಚಿಸಿ, ಮುಂದೆ ಹೋಗಿ. ನಿಲ್ಲಿಸುವುದು ಮೋಸ ಅಲ್ಲ, ಆಟ ಇರುವುದೇ ಹಾಗೆ.

ಇದೇ ಕಂಪನಿಯ ಯುರೋಪಾ ಯೂನಿವರ್ಸಾಲಿಸ್ ಆಡಿದವರಿಗೆ ಕೈ ಬೇಗ ಕೂರುತ್ತದೆ. ಒಂದೇ ವ್ಯತ್ಯಾಸ: ಅಲ್ಲಿ ಎಲ್ಲರಿಗೂ ನಕ್ಷೆ ಮೊದಲೇ ಗೊತ್ತು. ಇಲ್ಲಿ ಪ್ರತಿ ಸಲ ಹೊಸ ಗ್ಯಾಲಕ್ಸಿ ಹುಟ್ಟುತ್ತದೆ.

ತುಂಬಾ ಓದಬೇಕಂತೆ, ಹೌದಾ?

ಹೌದು, ಜಾಸ್ತಿನೇ ಓದಬೇಕು. ಕನ್ನಡದಲ್ಲಿ ಇಲ್ಲ, ಇಂಗ್ಲಿಷಿನಲ್ಲೇ ಓದಬೇಕು. ಈ ಆಟದ ಕಥೆ ಚಲನಚಿತ್ರದ ಥರ ಬರುವುದಿಲ್ಲ, ಸಣ್ಣ ಕಿಟಕಿಯಲ್ಲಿ ಒಂದು ಚಿತ್ರ, ನಾಲ್ಕು ಸಾಲು ಬರಹ, ಕೆಳಗೆ ಎರಡು ಮೂರು ಆಯ್ಕೆ. ಅದನ್ನು ಓದದೆ ಒತ್ತುತ್ತಾ ಹೋದರೆ ಉಳಿಯುವುದು ಅಂಕಿಗಳ ಲೆಕ್ಕ ಮಾತ್ರ. ಅಂಥವರಿಗೆ ಈ ಆಟ ಸಪ್ಪೆ ಅನ್ನಿಸಿದರೆ ಆಶ್ಚರ್ಯ ಇಲ್ಲ.

ಡಿಎಲ್‌ಸಿ ಪಟ್ಟಿ ನೋಡಿ ತಲೆ ತಿರುಗಿತು. ಎಲ್ಲ ಕೊಳ್ಳಬೇಕಾ?

ಖಂಡಿತ ಬೇಡ. ಡಿಎಲ್‌ಸಿ ಅಂದರೆ ಮೂಲ ಆಟದ ಮೇಲೆ ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗ. ಮೂಲ ಆಟವನ್ನಷ್ಟೇ ತೆಗೆದುಕೊಳ್ಳಿ. ಪ್ರತಿ ದೊಡ್ಡ ಡಿಎಲ್‌ಸಿ ಜೊತೆಗೆ ಎಲ್ಲರಿಗೂ ಪುಕ್ಕಟೆಯಾಗಿ ಒಂದು ಪ್ಯಾಚ್, ಅಂದರೆ ಆಟವನ್ನು ತಿದ್ದುವ ಅಪ್‌ಡೇಟ್, ಬರುತ್ತದೆ. ಆಟದ ಮೂಳೆ ಮಾಂಸ ಬದಲಾಗಿರುವುದು ಹೆಚ್ಚಾಗಿ ಈ ಪ್ಯಾಚ್‌ಗಳಲ್ಲೇ. ಹಾಗಾಗಿ 2016ರ ಮೂಲ ಆಟಕ್ಕಿಂತ ಇವತ್ತಿನ ಮೂಲ ಆಟ ಎಷ್ಟೋ ದೊಡ್ಡದು.

ಒಂದು ಆಟವನ್ನು ಅರ್ಧವಾದರೂ ಮುಗಿಸಿದ ಮೇಲೆ ನಿಮಗೆ ಯಾವುದು ಹಿಡಿಸಿತು ಅನ್ನುವುದು ಗೊತ್ತಾಗುತ್ತದೆ. ದೈತ್ಯ ಕಟ್ಟಡಗಳ ಆಸೆ ಹುಟ್ಟಿದರೆ 2017ರ ಯುಟೋಪಿಯಾ. ಯಂತ್ರಗಳಾಗಿ ಆಡುವ ಆಸೆ ಇದ್ದರೆ ಅದೇ ವರ್ಷದ ಸಿಂಥೆಟಿಕ್ ಡಾನ್. ಒಕ್ಕೂಟ, ಮತದಾನ, ರಾಜತಂತ್ರ ಹಿಡಿಸಿದರೆ 2020ರ ಫೆಡರೇಶನ್ಸ್. ಸುಮ್ನೆ ಎಲ್ಲವನ್ನೂ ಒಟ್ಟಿಗೆ ಹಾಕಿಕೊಂಡು ಶುರು ಮಾಡಿದರೆ ಕಲಿಯಬೇಕಾದ ಬಟನ್‌ಗಳು ಹೆಚ್ಚುತ್ತವೆ, ಖುಷಿ ಹೆಚ್ಚುವುದಿಲ್ಲ.

## ಮೊದಲ ಕೆಲವು ಗಂಟೆ

ಯಾವ ಸಾಮ್ರಾಜ್ಯ ಆರಿಸಲಿ? ನಾನೇ ಒಂದನ್ನು ಕಟ್ಟಲಾ?

ಮೊದಲ ಆಟಕ್ಕೆ ಸಿದ್ಧವಾಗಿರುವ ಯುನೈಟೆಡ್ ನೇಷನ್ಸ್ ಆಫ್ ಅರ್ಥ್ ಸಾಕು. ಭೂಮಿ ನಿಮ್ಮದು, ಜನ ಮನುಷ್ಯರು, ಸೌರವ್ಯೂಹದ ಹೆಸರುಗಳು ಗೊತ್ತಿರುವವು. ಸಮಾನತೆಯನ್ನು ನಂಬುವ, ಅನ್ಯಗ್ರಹದವರ ಜೊತೆ ಸ್ನೇಹ ಬಯಸುವ ಸರಕಾರ. ಆದ್ದರಿಂದ ನೆರೆಯವರ ಜೊತೆ ಬೇಗ ಹೊಂದಿಕೆ ಆಗುತ್ತದೆ.

ನಿಮ್ಮದೇ ಸಾಮ್ರಾಜ್ಯ ಕಟ್ಟುವ ಪುಟ ಮಾತ್ರ ಇನ್ನೊಂದು ಆಟವೇ ಸರಿ. ಮುಖ್ಯ ತೀರ್ಮಾನ ಎಥಿಕ್ಸ್, ಅಂದರೆ ಈ ಜನ ಏನನ್ನು ನಂಬುತ್ತಾರೆ ಅನ್ನುವುದು. ಮೂರು ಅಂಕ ಕೊಡುತ್ತಾರೆ. ಯುದ್ಧಪ್ರಿಯರೋ ಶಾಂತಿಪ್ರಿಯರೋ, ಅನ್ಯರ ದ್ವೇಷಿಗಳೋ ಸ್ನೇಹಿತರೋ, ಸರ್ವಾಧಿಕಾರವೋ ಸಮಾನತೆಯೋ, ಭೌತವಾದವೋ ಅಧ್ಯಾತ್ಮವೋ, ಹೀಗೆ ನಾಲ್ಕು ಜೋಡಿ. ಒಂದನ್ನು ಅತಿಗೆ ಒಯ್ದರೆ ಎರಡು ಅಂಕ ಹೋಗುತ್ತದೆ. ಇದು ಅಲಂಕಾರಕ್ಕೆ ಇರುವುದಲ್ಲ. ಯಾವ ಕಾನೂನು ತರಬಹುದು, ಯಾರು ನಿಮ್ಮನ್ನು ಇಷ್ಟಪಡುತ್ತಾರೆ, ಕೆಲವು ಘಟನೆಗಳಲ್ಲಿ ಯಾವ ಆಯ್ಕೆ ಕಾಣಿಸುತ್ತದೆ ಅನ್ನುವುದೂ ಇದರ ಮೇಲೆ ನಿಂತಿದೆ.

ಇಡೀ ಜನಾಂಗವೇ ಒಂದು ಮನಸ್ಸಾಗಿರುವ ಹೈವ್ ಮೈಂಡ್ ಮತ್ತು ಯಂತ್ರಬುದ್ಧಿಯ ಸಾಮ್ರಾಜ್ಯಗಳನ್ನು ಎರಡನೆಯ ಆಟಕ್ಕೆ ಇಟ್ಟುಕೊಳ್ಳಿ. ಅವುಗಳ ಆರ್ಥಿಕತೆಯ ನಿಯಮಗಳೇ ಬೇರೆ.

ಆಟ ಶುರುವಾಯಿತು, ಗಡಿಯಾರ ನಿಂತಿದೆ. ಈಗ ಏನು ಮಾಡಲಿ?

ವಿಜ್ಞಾನದ ಹಡಗನ್ನು ಪಕ್ಕದ ನಕ್ಷತ್ರಗಳ ಸರ್ವೆಗೆ ಕಳಿಸಿ. ಶಿಫ್ಟ್ ಹಿಡಿದುಕೊಂಡು ಒಂದಾದ ಮೇಲೆ ಒಂದರಂತೆ ಹಲವು ನಕ್ಷತ್ರಗಳನ್ನು ಸಾಲಾಗಿ ಕೊಡಬಹುದು. ಕಟ್ಟುವ ಹಡಗಿಗೆ ನಿಮ್ಮ ವ್ಯೂಹದಲ್ಲೇ ಗಣಿ ಮತ್ತು ಸಂಶೋಧನಾ ನಿಲ್ದಾಣ ಕಟ್ಟಲು ಹೇಳಿ. ಮೂರು ಸಂಶೋಧನೆಗಳನ್ನು ಆರಿಸಿ. ಇನ್ನೊಂದು ವಿಜ್ಞಾನದ ಹಡಗು ಕಟ್ಟಲು ಹಾಕಿ. ಆಮೇಲೆ ಗಡಿಯಾರ ಬಿಡಿ.

ವೀರ್ ಎಂಬ ರೋಬಾಟ್ ಸಲಹೆ ಕೊಡುತ್ತಾ ಇರುತ್ತದೆ. ಯಾವ ಬಟನ್ ಎಲ್ಲಿದೆ ಅನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ. ಯಾಕೆ ಒತ್ತಬೇಕು ಅನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ.

ಅನಾಮಲಿ ಅಂತ ಒಂದೇ ಸಮನೆ ಬರುತ್ತಾ ಇದೆ. ಅದನ್ನೆಲ್ಲ ನೋಡಬೇಕಾ?

ನೋಡಲೇಬೇಕು. ನನ್ನ ಮಟ್ಟಿಗೆ ಈ ಆಟದ ಜೀವ ಇರುವುದೇ ಅಲ್ಲಿ.

ಸರ್ವೆ ಮಾಡುವ ಹಡಗಿಗೆ ಯಾವುದೋ ಗ್ರಹದಲ್ಲಿ ವಿಚಿತ್ರವಾದದ್ದೇನೋ ಕಾಣಿಸುತ್ತದೆ. ವಿಜ್ಞಾನಿ ಅಲ್ಲೇ ಕೆಲವು ತಿಂಗಳು ಕೂತು ತನಿಖೆ ಮಾಡಬೇಕು. ಸಿಗುವುದು ಒಂದಿಷ್ಟು ಖನಿಜ ಇರಬಹುದು, ಸತ್ತು ಎಷ್ಟೋ ಕಾಲವಾದ ನಾಗರಿಕತೆಯ ಕುರುಹು ಇರಬಹುದು, ಹತ್ತಾರು ವರ್ಷ ಎಳೆಯುವ ಕಥೆಯ ಮೊದಲ ತುದಿಯೂ ಇರಬಹುದು. ಪ್ರತಿ ಆಟದಲ್ಲಿ ನಿಮ್ಮ ಸುತ್ತಮುತ್ತ ಒಂದು ಪುರಾತನ ಜನಾಂಗದ ಅವಶೇಷ ಚದುರಿಬಿದ್ದಿರುತ್ತದೆ. ತುಣುಕುಗಳನ್ನು ಜೋಡಿಸಿದರೆ ಅವರ ಊರು ಸಿಗುತ್ತದೆ. ಆ ಜನಾಂಗ ಪ್ರತಿ ಸಲ ಬೇರೆ. ಸೈಬ್ರೆಕ್ಸ್ ಎಂಬ ಯಂತ್ರಗಳ ಕಥೆ ನನಗೆ ಈಗಲೂ ಇಷ್ಟ, ಬಿಡಿಸಿ ಹೇಳಿದರೆ ನಿಮ್ಮ ಸಂತೋಷ ಹಾಳು.

ಇನ್ನೂ ಬಾಹ್ಯಾಕಾಶಕ್ಕೆ ಬರದ ಜನರಿರುವ ಗ್ರಹಗಳೂ ಸಿಗುತ್ತವೆ. ಕಲ್ಲಿನ ಯುಗದವರೋ, ಅಣುಬಾಂಬ್ ಕೈಗೆ ಬಂದವರೋ. ಅವರ ಮೇಲೆ ವೀಕ್ಷಣಾ ನಿಲ್ದಾಣ ಕಟ್ಟಿ ದೂರದಿಂದ ನೋಡಬಹುದು, ಜ್ಞಾನ ಕೊಟ್ಟು ಮೇಲೆತ್ತಬಹುದು, ಒಳನುಸುಳಲೂಬಹುದು. ನೀವು ಬೇರೆ ಜೀವಿಗಳಾಗಿ ಆಡುವಾಗ ಕೆಲವೊಮ್ಮೆ ನಮ್ಮ ಭೂಮಿಯೇ ಎದುರಾಗುತ್ತದೆ, ಅದೂ ಎರಡನೆಯ ಮಹಾಯುದ್ಧ ನಡೆಯುತ್ತಿರುವ ಕಾಲದ್ದು. ಇನ್ನು ಕೆಲವೊಮ್ಮೆ ಭೂಮಿ ಅಣುಯುದ್ಧದಲ್ಲಿ ಸುಟ್ಟು ಹೋಗಿರುತ್ತದೆ, ಅಲ್ಲಿ ಜಿರಳೆಗಳು ಬುದ್ಧಿವಂತರಾಗುವ ಹಾದಿಯಲ್ಲಿರುತ್ತವೆ! ಮೇಲಿನಿಂದ ನಮ್ಮನ್ನೇ ನೋಡುವ ಆ ಸಂದರ್ಭದಲ್ಲಿ ಏನು ಮಾಡುತ್ತೀರಿ ಅನ್ನುವುದಕ್ಕೆ ಆಟದಲ್ಲಿ ಸರಿ ಉತ್ತರ ಇಲ್ಲ.

ಒಂದು ಎಚ್ಚರಿಕೆ. ಅನಾಮಲಿಗೆ ಕಷ್ಟದ ಮಟ್ಟ ಇರುತ್ತದೆ. ಹೊಸ ವಿಜ್ಞಾನಿಯನ್ನು ಕಷ್ಟದ ಅನಾಮಲಿಗೆ ಕೂರಿಸಿದರೆ ಹಡಗು ವರ್ಷಗಟ್ಟಲೆ ಅಲ್ಲೇ ಸಿಕ್ಕಿಬೀಳುತ್ತದೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ವಿಜ್ಞಾನಿ ಪಳಗಿದ ಮೇಲೆ ಬನ್ನಿ.

ಮೇಲಿನ ಪಟ್ಟಿಯಲ್ಲಿ ಇಷ್ಟೊಂದು ಅಂಕಿ ಇದೆಯಲ್ಲ, ಯಾವುದನ್ನು ನೋಡಲಿ?

ಮೊದಮೊದಲು ಎರಡರ ಮೇಲೆ ಕಣ್ಣಿಡಿ: ಅಲಾಯ್ಸ್ ಮತ್ತು ಇನ್‌ಫ್ಲುಯೆನ್ಸ್.

ಖನಿಜದಿಂದ ಅಲಾಯ್ಸ್, ಅಂದರೆ ಮಿಶ್ರಲೋಹ, ಆಗುತ್ತದೆ, ಅಲಾಯ್ಸ್‌ನಿಂದ ಹಡಗು ಮತ್ತು ನಿಲ್ದಾಣ. ಇನ್‌ಫ್ಲುಯೆನ್ಸ್ ಅಂದರೆ ರಾಜಕೀಯ ಬಲ. ಅದನ್ನು ಕಾರ್ಖಾನೆಯಲ್ಲಿ ಮಾಡಲಾಗುವುದಿಲ್ಲ, ಮಾರುಕಟ್ಟೆಯಲ್ಲಿ ಕೊಳ್ಳಲೂ ಆಗುವುದಿಲ್ಲ. ನಿಧಾನಕ್ಕೆ ತೊಟ್ಟಿಕ್ಕುತ್ತದೆ. ಹೊಸ ನಕ್ಷತ್ರದಲ್ಲಿ ಔಟ್‌ಪೋಸ್ಟ್ (ಆ ನಕ್ಷತ್ರವನ್ನು ನಿಮ್ಮದಾಗಿಸುವ ನಿಲ್ದಾಣ) ಹಾಕಲು ಎರಡೂ ಬೇಕು. ಹಾಗಾಗಿ ನಿಮ್ಮ ಗಡಿ ಎಷ್ಟು ವೇಗವಾಗಿ ಹಿಗ್ಗುತ್ತದೆ ಅನ್ನುವುದನ್ನು ಈ ಎರಡು ಅಂಕಿಗಳೇ ತೀರ್ಮಾನಿಸುತ್ತವೆ. ಉಳಿದ ಶಕ್ತಿ, ಆಹಾರ, ಬಳಕೆ ವಸ್ತುಗಳು ಕೆಂಪಗಾಗದಿದ್ದರೆ ಸಾಕು. ಕಡಿಮೆ ಬಿದ್ದರೆ ಮಾರುಕಟ್ಟೆಯಲ್ಲಿ ತಿಂಗಳಿಗೆ ಇಷ್ಟು ಎಂದು ಖರೀದಿಗೆ ಹಾಕಿ ಸುಧಾರಿಸಿಕೊಳ್ಳಬಹುದು.

ಗ್ರಹದ ಪುಟದಲ್ಲಿ ನೆನಪಿಡಬೇಕಾದ ಮಾತು ಒಂದೇ. ಕಟ್ಟಡ ತಾನಾಗಿ ಏನನ್ನೂ ಉತ್ಪಾದಿಸುವುದಿಲ್ಲ. ಅದು ಕೊಡುವುದು ಕೆಲಸ. ಕೆಲಸ ಮಾಡಲು ಜನ ಬೇಕು. ಜನ ಇಲ್ಲದೆ ಕಟ್ಟಡ ಏರಿಸಿದರೆ ನಿರ್ವಹಣೆ ಖರ್ಚು ಮಾತ್ರ ಬೀಳುತ್ತದೆ. ಹೊಸಬರ ಆರ್ಥಿಕತೆ ಕುಸಿಯುವುದು ಬಹುಪಾಲು ಇಲ್ಲೇ. ಯುದ್ಧದಲ್ಲಿ ಅಲ್ಲ.

ಟೆಕ್ನಾಲಜಿ ಮರ ಎಲ್ಲಿದೆ? ಹುಡುಕಿ ಸಾಕಾಯಿತು.

ಒಂದು ಸಂಶೋಧನೆಯಿಂದ ಇನ್ನೊಂದಕ್ಕೆ ಕವಲೊಡೆಯುವ ಅಂಥ ನಕ್ಷೆ ಈ ಆಟದಲ್ಲಿ ಇಲ್ಲ. ಭೌತಶಾಸ್ತ್ರ, ಸಮಾಜ, ಎಂಜಿನಿಯರಿಂಗ್ ಎಂಬ ಮೂರು ವಿಭಾಗಗಳಿವೆ. ಪ್ರತಿಯೊಂದರಲ್ಲೂ ಇಸ್ಪೀಟ್ ಎಲೆ ಹಂಚಿದ ಹಾಗೆ ಕೆಲವು ಆಯ್ಕೆಗಳು ಬರುತ್ತವೆ. ಒಂದನ್ನು ಮುಗಿಸಿದ ಮೇಲೆ ಮತ್ತೆ ಹಂಚುತ್ತಾರೆ. ನೇರಳೆ ಬಣ್ಣದ್ದು ಅಪರೂಪದ್ದು, ಸಿಕ್ಕಾಗ ಯೋಚಿಸಿ ನೋಡಿ. ಕೆಂಪು ಬಣ್ಣದ್ದು ಅಪಾಯದ್ದು, ಅದರ ಪರಿಣಾಮ ಮುಂದೆಂದೋ ಎದುರಾಗಬಹುದು. ಎಲ್ಲರೂ ಒಂದೇ ದಾರಿ ಬಾಯಿಪಾಠ ಮಾಡಿಕೊಂಡು ಆಡಬಾರದು ಅಂತಲೇ ಹೀಗೆ ಮಾಡಿದ್ದಾರೆ. ನನಗಂತೂ ಇದು ಒಳ್ಳೆಯ ಉಪಾಯ ಅನ್ನಿಸುತ್ತದೆ.

ವಿಡಿಯೊದಲ್ಲಿ ಹೇಳಿದ್ದು ನನ್ನ ಆಟದಲ್ಲಿ ಕಾಣಿಸುತ್ತಲೇ ಇಲ್ಲ, ಯಾಕೆ?

ವಿಡಿಯೊ ಹಳೆಯದಿರಬೇಕು. ಈ ಆಟವನ್ನು ಬಿಡುಗಡೆಯಾದ ಮೇಲೆ ಹಲವು ಸಲ ಒಡೆದು ಕಟ್ಟಿದ್ದಾರೆ. ಮೊದಲು ಪ್ರಯಾಣಕ್ಕೆ ಮೂರು ವಿಧಾನ ಇದ್ದವು, 2018ರ ಫೆಬ್ರವರಿಯ 2.0 ಪ್ಯಾಚ್ ಎಲ್ಲರನ್ನೂ ಹೈಪರ್‌ಲೇನ್‌ಗೆ, ಅಂದರೆ ನಕ್ಷತ್ರಗಳ ನಡುವಿನ ರಸ್ತೆಗಳಿಗೆ, ತಂದಿತು. ಗ್ರಹದ ಮೇಲೆ ಚೌಕಗಳಿದ್ದವು, ಅದೇ ಡಿಸೆಂಬರ್‌ನ 2.2 ಅವನ್ನು ತೆಗೆದು ಡಿಸ್ಟ್ರಿಕ್ಟ್ (ಗ್ರಹದ ವಲಯ) ಮತ್ತು ಜಾಬ್‌ (ಜನರ ಕೆಲಸ) ತಂದಿತು. 2025ರ ಮೇನಲ್ಲಿ ಬಂದ 4.0 ಜನಸಂಖ್ಯೆಯ ಲೆಕ್ಕವನ್ನೇ ಬದಲಾಯಿಸಿತು. 4.0ಗಿಂತ ಹಿಂದಿನ ಗ್ರಹ ನಿರ್ವಹಣೆಯ ಪಾಠಗಳನ್ನು ಪಕ್ಕಕ್ಕಿಡಿ. ಯುದ್ಧ, ಅನ್ವೇಷಣೆಯ ಪಾಠಗಳು ಈಗಲೂ ಬಹುಮಟ್ಟಿಗೆ ನಡೆಯುತ್ತವೆ.

## ನೆರೆಯವರು ಸಿಕ್ಕ ಮೇಲೆ

ಯಾವ ಕಡೆ ಬೆಳೆಯಲಿ? ಹತ್ತಿರದ್ದನ್ನು ಮೊದಲು ಹಿಡಿಯಬೇಕಲ್ವಾ?

ಯಾವಾಗಲೂ ಅಲ್ಲ. ನಕ್ಷೆಯನ್ನು ದೂರದಿಂದ ನೋಡಿ. ಹೈಪರ್‌ಲೇನ್ ಅಂದರೆ ನಕ್ಷತ್ರಗಳ ನಡುವಿನ ರಸ್ತೆ. ಕೆಲವು ನಕ್ಷತ್ರಗಳಿಂದ ಹಲವು ದಾರಿ ಕವಲೊಡೆಯುತ್ತವೆ, ಕೆಲವು ಕಿರಿದಾದ ಕಣಿವೆಯಂತೆ ಒಂದೇ ದಾರಿ ಬಿಡುತ್ತವೆ. ಅಂಥ ಕಿರಿದಾದ ಜಾಗವನ್ನು ಮೊದಲು ಹಿಡಿದರೆ ಅದರ ಹಿಂದೆ ಇರುವುದೆಲ್ಲ ನಿಮಗೇ ಉಳಿಯುತ್ತದೆ. ಗಡಿ ಮುಚ್ಚಿದ ಮೇಲೆ ನೆರೆಯವನ ಹಡಗು ದಾಟಿ ಬರಲಾಗದು. ಹಿಂದಿನ ನಕ್ಷತ್ರಗಳನ್ನು ನಿಧಾನಕ್ಕೆ ತುಂಬಿಕೊಳ್ಳಿ. ದೂರಕ್ಕೆ ಹಾರಿದಷ್ಟೂ ಔಟ್‌ಪೋಸ್ಟ್‌ಗೆ ಇನ್‌ಫ್ಲುಯೆನ್ಸ್ ಜಾಸ್ತಿ ಬೀಳುತ್ತದೆ, ಅದನ್ನು ಲೆಕ್ಕ ಹಾಕಿಯೇ ಹಾರಿ.

ಯುದ್ಧ ಗೆದ್ದೆ, ಒಂದು ನಕ್ಷತ್ರವೂ ಸಿಗಲಿಲ್ಲ. ಇದೆಂಥಾ ನ್ಯಾಯ?

ಬಹುಶಃ ನೀವು ಕ್ಲೇಮ್ ಹಾಕಿರಲಿಲ್ಲ. ಸಾಮಾನ್ಯ ಯುದ್ಧದಲ್ಲಿ ಯಾವ ನಕ್ಷತ್ರ ಬೇಕೋ ಅದರ ಮೇಲೆ ಇನ್‌ಫ್ಲುಯೆನ್ಸ್ ಕೊಟ್ಟು ಮೊದಲೇ ಹಕ್ಕು ಹೇಳಿಕೊಳ್ಳಬೇಕು. ಆಮೇಲೆ ಅದರ ಸ್ಟಾರ್‌ಬೇಸ್, ಅಂದರೆ ಆ ನಕ್ಷತ್ರದ ನಿಲ್ದಾಣ, ಹಿಡಿಯಬೇಕು. ಅಲ್ಲಿ ಜನರಿರುವ ಗ್ರಹ ಇದ್ದರೆ ನೆಲದ ಸೈನ್ಯ ಇಳಿಸಿ ಅದನ್ನೂ ಹಿಡಿಯಬೇಕು. ಹೊಸಬರು ಮರೆಯುವುದು ಈ ಸೈನ್ಯವನ್ನೇ. ಬಲಿಷ್ಠ ಫ್ಲೀಟ್ (ಹಡಗುಪಡೆ) ಗ್ರಹದ ಮೇಲೆ ಸುತ್ತುತ್ತಾ ಕೂತಿರುತ್ತದೆ, ಕೆಳಗೆ ಇಳಿಯಲು ಒಬ್ಬನೂ ಇರುವುದಿಲ್ಲ.

ಇನ್ನೊಂದು, ಯುದ್ಧದ ಆಯಾಸ ಎಂಬ ಅಳತೆ ಇದೆ. ಅದು ನೂರಕ್ಕೆ ಮುಟ್ಟಿ ಒಂದಷ್ಟು ಕಾಲವಾದರೆ ಎದುರಾಳಿ ಸ್ಟೇಟಸ್ ಕೋ, ಅಂದರೆ ಇದ್ದಲ್ಲೇ ಯುದ್ಧ ನಿಲ್ಲಿಸುವ ಸಂಧಿ, ಹೇರಬಹುದು. ಆಗ ಅವರವರು ಹಕ್ಕು ಹೇಳಿ ಹಿಡಿದದ್ದು ಅವರವರಿಗೆ. ಹಾಗಾಗಿ ನಿಮಗೆ ಬೇಕಾದ ಜಾಗವನ್ನೇ ಮೊದಲು ಹಿಡಿಯಿರಿ, ಶತ್ರುವಿನ ಹಡಗನ್ನು ಅಟ್ಟಿಸಿಕೊಂಡು ಗ್ಯಾಲಕ್ಸಿ ಸುತ್ತಬೇಡಿ.

ನನ್ನ ಫ್ಲೀಟ್ ಪವರ್ ಜಾಸ್ತಿ ಇತ್ತು, ಆದರೂ ಸೋತೆ. ಹೇಗೆ?

ಆ ಅಂಕಿ ಒಟ್ಟು ಬಲದ ಅಂದಾಜು ಅಷ್ಟೆ. ಯಾವ ಆಯುಧ ಯಾವುದರ ಮೇಲೆ ಅನ್ನುವುದು ಅದರಲ್ಲಿ ಇಲ್ಲ. ಲೇಸರ್ ಥರದ ಶಕ್ತಿ ಆಯುಧಗಳು ಕವಚವನ್ನು ಚೆನ್ನಾಗಿ ಸೀಳುತ್ತವೆ. ಗುಂಡು ಹಾರಿಸುವ ಕೈನೆಟಿಕ್ ಆಯುಧಗಳು ಶೀಲ್ಡ್, ಅಂದರೆ ಹಡಗಿನ ಸುತ್ತಲಿನ ಶಕ್ತಿಯ ಪೊರೆ, ಕೆಡವುತ್ತವೆ. ಕ್ಷಿಪಣಿಗಳು ಶೀಲ್ಡನ್ನು ದಾಟಿಯೇ ಹೋಗುತ್ತವೆ. ಒಮ್ಮೆ ಸೋತ ಮೇಲೆ ಯುದ್ಧದ ವರದಿ ತೆರೆದು ಅವರು ಏನು ಹಾಕಿಕೊಂಡಿದ್ದರು ನೋಡಿ, ಹಡಗಿನ ವಿನ್ಯಾಸ ಬದಲಾಯಿಸಿ. ಆಟ ತಾನೇ ಮಾಡಿಕೊಡುವ ವಿನ್ಯಾಸ ಮೊದಲ ಐವತ್ತು ವರ್ಷಕ್ಕೆ ಸಾಕು, ಆಮೇಲೆ ಸಾಲದು.

ನಿಜ ಹೇಳಬೇಕೆಂದರೆ ಕಾಳಗ ನೋಡಲು ಚೆಂದ, ಆಡಲು ಏನೂ ಇಲ್ಲ. ಗುಂಡಿನ ಚಕಮಕಿ ಶುರುವಾದ ಮೇಲೆ ಹಿಂದೆ ಸರಿಯುವುದನ್ನು ಬಿಟ್ಟರೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಒಂದು ಸಾಮ್ರಾಜ್ಯ ಶುರುವಿನಲ್ಲೇ ಭಯಂಕರ ಬಲಶಾಲಿ, ಆದರೆ ಸುಮ್ನೆ ಕೂತಿದೆ. ಅದೇನು?

ಫಾಲನ್ ಎಂಪೈರ್. ಒಂದು ಕಾಲಕ್ಕೆ ಮೆರೆದು, ಈಗ ಮೂಲೆ ಹಿಡಿದು ಕೂತ ಹಿರಿಯರು. ಬೆಳೆಯುವುದಿಲ್ಲ, ಆದರೆ ಕೆಣಕಿದರೆ ಬಿಡುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಮುಟ್ಟಬಾರದ ಜಾಗ ಇದೆ. ಅಧ್ಯಾತ್ಮದವರು ಪವಿತ್ರ ಎಂದುಕೊಂಡ ಗ್ರಹದಲ್ಲಿ ನೀವು ವಸಾಹತು ಮಾಡಬಾರದು. ಅನ್ಯರ ದ್ವೇಷಿಗಳ ಗಡಿಗೆ ಅಂಟಿಕೊಂಡು ಬೆಳೆಯಬಾರದು. ಸಿಕ್ಕ ಕೂಡಲೇ ಇವರು ಯಾವ ಬಗೆ ಎಂದು ನೋಡಿಕೊಂಡು ಆ ದಿಕ್ಕಿಗೆ ಬೆನ್ನು ಹಾಕಿ ಬೆಳೆಯಿರಿ.

## ಕೈ ಪಳಗಿದ ಮೇಲೆ

ನೂರು ವರ್ಷ ದಾಟಿದ ಮೇಲೆ ಬೋರ್ ಆಗುತ್ತಿದೆ. ನನಗೊಬ್ಬನಿಗೇನಾ?

ನಿಮಗೊಬ್ಬರಿಗೇ ಅಲ್ಲ. ಮೊದಲ ಇಂಪ್ರೆಶನ್ ಚೆನ್ನಾಗಿದ್ದಷ್ಟೂ ಈ ಹಂತ ಜಾಸ್ತಿ ಚುಚ್ಚುತ್ತದೆ. ಖಾಲಿ ನಕ್ಷತ್ರಗಳು ಮುಗಿದಿವೆ, ಗಡಿಗಳು ನಿಂತಿವೆ, ಅನಾಮಲಿಗಳು ಕಡಿಮೆಯಾಗಿವೆ. ಕಥೆ ಹೇಳುತ್ತಿದ್ದ ಆಟ ಈಗ ಲೆಕ್ಕದ ಪುಸ್ತಕ ಮುಂದೆ ಹಿಡಿಯುತ್ತದೆ. ಇದು ಆಟದ ನಿಜವಾದ ದೌರ್ಬಲ್ಯ, ವರ್ಷಗಳ ಪ್ಯಾಚ್‌ಗಳಿಂದ ಕಡಿಮೆಯಾಗಿದೆಯೇ ಹೊರತು ಹೋಗಿಲ್ಲ.

ದಾರಿ ಎರಡು. ಒಂದು, ಗ್ಯಾಲಕ್ಸಿ ಚಿಕ್ಕದು ಮಾಡಿ. 200ರಿಂದ 1,000 ನಕ್ಷತ್ರಗಳವರೆಗೆ ಆಯ್ಕೆ ಇದೆ. ಮೊದಲ ಆಟಕ್ಕೆ 400 ಧಾರಾಳ. ಎರಡು, ನಿಮ್ಮ ಜನರ ಸ್ವಭಾವಕ್ಕೆ ತಕ್ಕ ಒಂದು ಹಟ ಇಟ್ಟುಕೊಳ್ಳಿ. ಎಲ್ಲ ಗುಲಾಮರನ್ನು ಬಿಡಿಸುತ್ತೇವೆ, ಯಾರ ಜೊತೆಗೂ ಒಪ್ಪಂದ ಮಾಡುವುದಿಲ್ಲ, ನೆರೆಯವರನ್ನೆಲ್ಲ ಒಂದೇ ಒಕ್ಕೂಟಕ್ಕೆ ತರುತ್ತೇವೆ, ಹೀಗೆ ಏನಾದರೂ. ಅಂಕಿಗೆ ಲಾಭವಾಗುವ ಆಯ್ಕೆಗಿಂತ ನಿಮ್ಮ ಜನ ಮಾಡಬಹುದಾದ ಆಯ್ಕೆಯನ್ನು ಒತ್ತಿ ನೋಡಿ. ಮಧ್ಯಭಾಗ ಬೇರೆಯದೇ ಆಗುತ್ತದೆ. ಅದೂ ಬೇಡವಾದರೆ ಹೊಸ ಆಟ ಶುರು ಮಾಡಿ. ಮುಗಿಸಲೇಬೇಕು ಅನ್ನುವ ಸಾಲ ಯಾರಿಗೂ ಇಲ್ಲ.

ಕೊನೆಯಲ್ಲಿ ಏನೋ ಭಯಂಕರ ಬರುತ್ತಂತೆ?

ಬರುತ್ತದೆ. ಗೊತ್ತಾಗುವುದು ಬೇಡ ಅನ್ನುವವರು ಮುಂದಿನ ಪ್ರಶ್ನೆಗೆ ಹೋಗಿ.

ಆಟದ ಕೊನೆಯ ಘಟ್ಟದಲ್ಲಿ ಇಡೀ ಗ್ಯಾಲಕ್ಸಿಯನ್ನೇ ನುಂಗುವ ಒಂದು ವಿಪತ್ತು ಎದ್ದು ನಿಲ್ಲುತ್ತದೆ. ಪ್ರೆಥೋರಿನ್ ಎಂಬ ಹಸಿದ ಹಿಂಡು ಗ್ಯಾಲಕ್ಸಿಯ ಹೊರಗಿನಿಂದ ಬರುತ್ತದೆ. ಅನ್‌ಬಿಡನ್ ಬೇರೊಂದು ಆಯಾಮದಿಂದ ಬಾಗಿಲು ತೆರೆದು ಬರುತ್ತಾರೆ. ಕಂಟಿಂಜೆನ್ಸಿ ಎಂಬುದು ಬಹಳ ಹಿಂದೆ ಯಾರೋ ಬಿಟ್ಟುಹೋದ ಯಂತ್ರ. 2024ರ ಮಷೀನ್ ಏಜ್ ಇದ್ದರೆ ಇನ್ನೂ ಒಂದು ಸೇರುತ್ತದೆ. ಸಾಮಾನ್ಯವಾಗಿ ಒಂದು ಆಟದಲ್ಲಿ ಒಂದೇ. ಬರುವ ಕಾಲ ಮತ್ತು ಬಲವನ್ನು ಆಟದ ಮುಂಚೆಯೇ ಹೊಂದಿಸಬಹುದು. ಮೊದಲ ಸಲ ಬಲ ಇಳಿಸಿ, ನಾಚಿಕೆಪಡುವಂಥದ್ದೇನಿಲ್ಲ. ನೆಮೆಸಿಸ್ ಡಿಎಲ್‌ಸಿ ಇದ್ದವರು ತಾವೇ ಆ ವಿಪತ್ತು ಆಗಬಹುದು, ಆದರೆ ಅದು ಪಳಗಿದವರ ಚೇಷ್ಟೆ.

ಶುರುವಿನಲ್ಲಿ ಸಲೀಸಾಗಿ ಓಡುತ್ತಿತ್ತು, ಈಗ ತೆವಳುತ್ತಿದೆ. ಕಂಪ್ಯೂಟರ್ ಹಾಳಾಯಿತಾ?

ಕಂಪ್ಯೂಟರ್ ಸರಿಯಾಗೇ ಇದೆ, ಲೆಕ್ಕ ಜಾಸ್ತಿಯಾಗಿದೆ. ಗ್ಯಾಲಕ್ಸಿಯ ಜನ, ಅವರ ಕೆಲಸ, ಹಡಗುಗಳ ದಾರಿ ಎಲ್ಲವನ್ನೂ ಪ್ರೊಸೆಸರ್ ಲೆಕ್ಕ ಹಾಕುತ್ತಾ ಇರಬೇಕು. ಗ್ರಾಫಿಕ್ಸ್ ಇಳಿಸಿದರೆ ಹೆಚ್ಚು ಉಪಯೋಗ ಇಲ್ಲ. ಚಿಕ್ಕ ಗ್ಯಾಲಕ್ಸಿ, ಕಡಿಮೆ ಸಾಮ್ರಾಜ್ಯಗಳು, ವಾಸಯೋಗ್ಯ ಗ್ರಹಗಳ ಪ್ರಮಾಣದಲ್ಲಿ ಇಳಿಕೆ, ಇವೇ ಕೆಲಸ ಮಾಡುವ ಮದ್ದು. ಇವನ್ನೆಲ್ಲ ಶುರುವಿನಲ್ಲೇ ಹೊಂದಿಸಬೇಕು, ನಡುವೆ ಬದಲಾಯಿಸಲಾಗದು.

ಗೆಲುವು ಅಂತ ಹೇಳುವುದು ಯಾವಾಗ?

ಸಾಮಾನ್ಯ ಹೊಂದಾಣಿಕೆಯಲ್ಲಿ 2500ನೇ ಇಸವಿಗೆ ಅಂಕ ಎಣಿಸುತ್ತಾರೆ, ಜಾಸ್ತಿ ಇದ್ದವರು ಗೆದ್ದ ಹಾಗೆ. ಆಮೇಲೂ ಆಟ ಮುಂದುವರಿಸಬಹುದು. ಇಸವಿಯನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು. ಈ ಅಂಕಕ್ಕಾಗಿ ಆಡುವವರನ್ನು ನಾನು ಹೆಚ್ಚು ಕಂಡಿಲ್ಲ.

ಗೆಳೆಯರ ಜೊತೆ ಆಡಬೇಕಾದರೆ ಎಲ್ಲರೂ ಡಿಎಲ್‌ಸಿ ಕೊಳ್ಳಬೇಕಾ?

ಬೇಡ. ಆಟ ನಡೆಸುವವರ ಹತ್ತಿರ ಇರುವ ಡಿಎಲ್‌ಸಿಗಳು ಆ ಆಟದ ಮಟ್ಟಿಗೆ ಎಲ್ಲರಿಗೂ ಸಿಗುತ್ತವೆ. ಎಲ್ಲರ ಆವೃತ್ತಿ ಒಂದೇ ಇರಬೇಕು, ಮಾಡ್‌ಗಳನ್ನು (ಆಟಗಾರರೇ ಮಾಡಿದ ಬದಲಾವಣೆಗಳನ್ನು) ಹಾಕಿಕೊಂಡಿದ್ದರೆ ಅವೂ ಒಂದೇ ಇರಬೇಕು. ಗಡಿಯಾರದ ವೇಗ ಎಷ್ಟಿರಬೇಕು, ಯಾವಾಗ ನಿಲ್ಲಿಸಬಹುದು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಒಬ್ಬರು ಅನಾಮಲಿ ಓದುತ್ತಾ ಕೂತಿರುತ್ತಾರೆ, ಇನ್ನೊಬ್ಬರಿಗೆ ಯುದ್ಧದ ಆತುರ. ಗೆಳೆಯರ ನಡುವೆ ಜಗಳ ಹತ್ತುವುದು ಹೆಚ್ಚಾಗಿ ಇದಕ್ಕೇ.